ಕೆಂಪು ನಿಲುವಂಗಿ, ಬಿಳಿ ರೆಕ್ಕೆ: ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಸಂಕೇತಗಳಲ್ಲಿ ನಿಜವೆಷ್ಟು, ಊಹೆಯೆಷ್ಟು?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ನಮ್ಮ ಸಾಹಿತ್ಯ ಸಂಘದ ವಿದ್ಯಾರ್ಥಿಗಳೊಂದಿಗೆ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಟಿವಿ ಸರಣಿಯ ಮೊದಲ ಸೀಸನ್ ಕುರಿತು ಮಾತುಕತೆ ನಡೆಸಿ, ವಾರ್ಷಿಕೋತ್ಸವದಲ್ಲಿ ಅದರ ಒಂದು ಸನ್ನಿವೇಶವನ್ನು ಕನ್ನಡದಲ್ಲಿ ರಂಗಕ್ಕೆ ತರಬೇಕೆಂದಿದ್ದೇನೆ. ಆದರೆ ತೆರೆಮರೆಯ ವಿಷಯಗಳನ್ನು ಹುಡುಕಿದಷ್ಟೂ ಗೊಂದಲ ಹೆಚ್ಚುತ್ತಿದೆ. ಕೆಂಪು ಎಂದರೆ ಪಾಪ ಎಂದು ಒಬ್ಬರು ಬರೆದರೆ, ಫಲವಂತಿಕೆ ಎಂದು ಇನ್ನೊಬ್ಬರು ಬರೆಯುತ್ತಾರೆ. ಬಿಳಿ ಟೋಪಿ ಬುರ್ಖಾದ ಅನುಕರಣೆ, ಹಾಗಾಗಿ ಇದು ಒಂದು ಧರ್ಮದ ವಿರುದ್ಧದ ಕಥೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದಾರೆ. ಟ್ರಂಪ್ ಗೆದ್ದ ಕೋಪದಲ್ಲಿ ತಯಾರಾದ ಸರಣಿ ಇದು ಎಂದು ಒಬ್ಬ ವಿದ್ಯಾರ್ಥಿ ವಾದಿಸುತ್ತಾನೆ. ನಾವು ಕಾಣುವ ಸಂಕೇತಗಳು ನಿಜಕ್ಕೂ ಅಲ್ಲಿವೆಯೇ, ಅಥವಾ ನೋಡುಗರು ಆಮೇಲೆ ಹಚ್ಚಿದವೇ? ಆ ಕೆಂಪು ಉಡುಪನ್ನೇ ನಮ್ಮ ಹುಡುಗಿಯರಿಗೆ ತೊಡಿಸುವುದು ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ವಿದ್ಯಾರ್ಥಿಗಳ ಮುಂದೆ ಆಧಾರವಿಲ್ಲದ ಮಾತು ಹೇಳಿಬಿಡುತ್ತೇನೇನೋ ಎಂಬುದು ಮೊದಲನೆಯದು. ದೂರದ ದೇಶದ ಒಂದು ಉಡುಪನ್ನು ನಮ್ಮ ರಂಗದ ಮೇಲೆ ತಂದರೆ ಅದು ಬೇರೆಯೇ ಅರ್ಥ ಕೊಟ್ಟೀತೇ ಎಂಬುದು ಎರಡನೆಯದು. ರಂಗಭೂಮಿಗೂ ಕಿರುತೆರೆಗೂ ಉಡುಪು ವಿನ್ಯಾಸ ಮಾಡುವುದು ನನ್ನ ವೃತ್ತಿಯಾದ್ದರಿಂದ, ಎರಡಕ್ಕೂ ಬಟ್ಟೆಯ ಕಡೆಯಿಂದಲೇ ಉತ್ತರಿಸುತ್ತೇನೆ. ಒಂದು ಬಣ್ಣದ ಅರ್ಥ ಆ ಬಣ್ಣದೊಳಗೆ ಅಡಗಿ ಕುಳಿತಿರುವುದಿಲ್ಲ. ಅದನ್ನು ಯಾರು ಯಾರಿಗೆ ತೊಡಿಸುತ್ತಾರೆ, ತೊಡದಿದ್ದರೆ ಏನಾಗುತ್ತದೆ ಎಂಬ ಕಟ್ಟಳೆಯಲ್ಲಿ ಇರುತ್ತದೆ. ಈ ಸರಣಿಯ ಸಂಕೇತಗಳೆಲ್ಲ ಇದೇ ತತ್ವದ ಮೇಲೆ ನಿಂತಿವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಂಪಿನಿಂದಲೇ ಆರಂಭಿಸೋಣ. ಮೂಲ ಕಾದಂಬರಿಯನ್ನು ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್ 1985ರಲ್ಲಿ ಪ್ರಕಟಿಸಿದರು. ಸರಣಿ ಪ್ರಸಾರವಾದ 2017ರಲ್ಲಿ ಕಾದಂಬರಿಯ ಹೊಸ ಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ ಅವರು ಬಣ್ಣಗಳ ಮೂಲವನ್ನು ನೇರವಾಗಿಯೇ ಹೇಳಿದ್ದಾರೆ. ಕಥೆ ನಡೆಯುವ ಗಿಲಿಯಡ್ ಎಂಬ ಕಲ್ಪಿತ ರಾಜ್ಯವನ್ನು ಆಳುವ ಕಮಾಂಡರ್‌ಗಳ ಹೆಂಡತಿಯರ ನೀಲಿ, ಕ್ರೈಸ್ತ ಚಿತ್ರಕಲೆಯಲ್ಲಿ ಕನ್ಯೆ ಮೇರಿಗೆ ಮೀಸಲಾದ ಪಾವಿತ್ರ್ಯದ ನೀಲಿ. ಮಕ್ಕಳನ್ನು ಹೆತ್ತುಕೊಡಲೆಂದು ಮನೆಗಳಲ್ಲಿ ಇರಿಸಲಾದ ದಾಸಿಯರ ಕೆಂಪು, ಹೆರಿಗೆಯ ರಕ್ತದಿಂದಲೂ ಪಾಪದಿಂದ ಹೊರಬಂದವಳೆಂದು ಕ್ರೈಸ್ತ ಪರಂಪರೆ ಚಿತ್ರಿಸಿದ ಮೇರಿ ಮಗ್ದಲೇನಳ ಚಿತ್ರಗಳಿಂದಲೂ ಬಂದದ್ದು. ಅಂದರೆ ನೀವು ಓದಿದ ‘ಪಾಪ’ ಮತ್ತು ‘ಫಲವಂತಿಕೆ’ ಎರಡೂ ಲೇಖಕಿಯ ಮನಸ್ಸಿನಲ್ಲಿ ಇದ್ದವೇ. ಆದರೆ ಅವರು ಮೂರನೆಯ ಕಾರಣವೊಂದನ್ನು ಸೇರಿಸುತ್ತಾರೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು: ಓಡಿಹೋಗುವವರು ಕೆಂಪು ತೊಟ್ಟಿದ್ದರೆ ಬೇಗ ಕಣ್ಣಿಗೆ ಬೀಳುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ಶಿಬಿರಗಳಲ್ಲಿದ್ದ ಜರ್ಮನ್ ಕೈದಿಗಳ ಅಂಗಿಯ ಬೆನ್ನಿನ ಮೇಲೆ ದೊಡ್ಡದೊಂದು ಕೆಂಪು ವೃತ್ತವಿರುತ್ತಿತ್ತು; ಹಿಮದ ನಡುವೆ ಅದು ಎಷ್ಟು ದೂರದಿಂದಲೂ ಕಾಣುತ್ತಿತ್ತು. ಧರ್ಮಗ್ರಂಥದ ಹೆಸರಿನಲ್ಲಿ ಕೊಟ್ಟ ಬಣ್ಣ ಕಾವಲುಗಾರನ ಕೆಲಸವನ್ನೂ ಮಾಡುತ್ತದೆ. ವಿದ್ಯಾರ್ಥಿಗಳಿಗೆ ಇದನ್ನು ತೋರಿಸಿದರೆ, ಕೆಂಪು ಎಂದರೆ ಏನು ಎಂದು ಕೇಳುವ ಬದಲು ಕೆಂಪು ಇಲ್ಲಿ ಏನು ಮಾಡುತ್ತಿದೆ ಎಂದು ಅವರೇ ಕೇಳತೊಡಗುತ್ತಾರೆ.

ಸರಣಿಯ ಮೊದಲ ಸೀಸನ್‌ಗೆ ಉಡುಪು ರೂಪಿಸಿದವರು ಆನ್ ಕ್ರ್ಯಾಬ್‌ಟ್ರೀ. ಅವರು ಕಾದಂಬರಿಯನ್ನು ಅಕ್ಷರಶಃ ಅನುಸರಿಸಲಿಲ್ಲ. ಹೆಂಡತಿಯರ ನೀಲಿಯನ್ನು ಹಸಿರು ಬೆರೆತ ನೀಲಿಯಾಗಿಸಿದರು. ಬಣ್ಣದ ಚಕ್ರದಲ್ಲಿ ಅದು ಕೆಂಪಿಗೆ ಹೆಚ್ಚುಕಡಿಮೆ ಎದುರುಬದುರು ಬರುತ್ತದೆ. ಕಮಾಂಡರ್ ಒಬ್ಬನ ಹೆಂಡತಿ ಸೆರೀನಾ ಮತ್ತು ಆ ಮನೆಯ ದಾಸಿಯಾದ ನಾಯಕಿ ಜೂನ್ ಒಂದೇ ಚೌಕಟ್ಟಿನೊಳಗೆ ನಿಂತಾಗ ಯಾರೂ ಮಾತಾಡದಿದ್ದರೂ ಜಗಳದ ಬಿಗಿ ಹುಟ್ಟುವುದಕ್ಕೆ ಈ ಎದುರುಬದುರು ಬಣ್ಣಗಳ ಪಾಲು ದೊಡ್ಡದು. ಕಾದಂಬರಿಯಲ್ಲಿ ಬಡವರ ಹೆಂಡತಿಯರು ಕೆಂಪು, ನೀಲಿ, ಹಸಿರು ಪಟ್ಟೆಗಳ ಉಡುಪು ತೊಟ್ಟರೆ, ಸರಣಿಯಲ್ಲಿ ಅವರಿಗೆ ಬೂದು ಬಣ್ಣ ಬಂದಿದೆ. ಪುಟದ ಮೇಲೆ ಪಟ್ಟೆಯ ಬಟ್ಟೆ ಒಳ್ಳೆಯ ಕಲ್ಪನೆ. ಪರದೆಯ ಮೇಲಾದರೆ ಉಳಿದೆಲ್ಲ ಬಣ್ಣಗಳ ಲೆಕ್ಕವನ್ನು ಕಲಕಿಬಿಡುತ್ತಿತ್ತು. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ: ದಾಸಿಯರ ಉಡುಪುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ, ಹೆಂಡತಿಯರಲ್ಲಿ ಮಾತ್ರ ಬಣ್ಣ ಒಂದೇ ಆದರೂ ಕಾಲರ್, ಸೊಂಟ, ತೋಳುಗಳ ಕತ್ತರಿಸುವಿಕೆ ಬೇರೆಬೇರೆ. ಅಧಿಕಾರದ ಹತ್ತಿರ ಇರುವ ಹೆಂಗಸಿಗೆ ಸಿಗುವ ಸ್ವಾತಂತ್ರ್ಯ ಅಷ್ಟೇ, ದರ್ಜಿ ಕೊಡಬಲ್ಲಷ್ಟು.

ಇನ್ನು ಬಿಳಿ ಟೋಪಿ. ಸರಣಿಯಲ್ಲಿ ಅದನ್ನು ‘ರೆಕ್ಕೆ’ ಎನ್ನುತ್ತಾರೆ. ಅದರ ಮೂಲದ ಬಗ್ಗೆಯೂ ಆಟ್‌ವುಡ್ ಬರೆದಿದ್ದಾರೆ: ವಿಕ್ಟೋರಿಯಾ ಕಾಲದ ಹೆಂಗಸರ ಟೋಪಿ, ಕ್ರೈಸ್ತ ಸನ್ಯಾಸಿನಿಯರ ಶಿರೋವಸ್ತ್ರ, ಅದರೊಂದಿಗೆ 1940ರ ದಶಕದಲ್ಲಿ ಮನೆಮನೆಯಲ್ಲಿ ಇದ್ದ ‘ಓಲ್ಡ್ ಡಚ್ ಕ್ಲೆನ್ಸರ್’ ಎಂಬ ಪಾತ್ರೆ ತೊಳೆಯುವ ಪುಡಿಯ ಡಬ್ಬಿ. ಆ ಡಬ್ಬಿಯ ಮೇಲೆ ಟೋಪಿಯೊಳಗೆ ಮುಖ ಪೂರ್ತಿ ಮರೆಯಾದ ಹೆಂಗಸಿನ ಚಿತ್ರವಿತ್ತು, ಬಾಲ್ಯದಲ್ಲಿ ಅದನ್ನು ಕಂಡರೆ ಅವರಿಗೆ ಭಯವಾಗುತ್ತಿತ್ತು. ಆದ್ದರಿಂದ ನಿಮ್ಮ ಸಹೋದ್ಯೋಗಿಗೆ ಕೊಡಬಹುದಾದ ಉತ್ತರ ಸ್ಪಷ್ಟವಾಗಿದೆ. ಗಿಲಿಯಡ್ ಎಂಬ ಆ ಕಲ್ಪಿತ ರಾಜ್ಯದ ಉಡುಪು ಪಾಶ್ಚಾತ್ಯ ಕ್ರೈಸ್ತ ಪರಂಪರೆಯ ಚಿತ್ರಗಳಿಂದ ಬಂದದ್ದು ಎಂದು ಲೇಖಕಿಯೇ ಹೇಳಿದ್ದಾರೆ. ಅದರ ಆಳ್ವಿಕೆಯ ಮಾದರಿ ಹದಿನೇಳನೆಯ ಶತಮಾನದ ನ್ಯೂ ಇಂಗ್ಲೆಂಡ್‌ನ ಪ್ಯೂರಿಟನ್ (ಕಟ್ಟುನಿಟ್ಟಿನ ಕ್ರೈಸ್ತ ಪಂಥದ) ಸಮಾಜ. ಹಾಗೆಂದು ಅವರ ಆಕ್ಷೇಪವನ್ನು ಪೂರಾ ತಳ್ಳಿಹಾಕಬೇಡಿ. ಆಟ್‌ವುಡ್ 1978ರಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿದ್ದರು, ಅಲ್ಲಿನ ಮೈತುಂಬ ಮುಚ್ಚುವ ಉಡುಪನ್ನು ಕಂಡಿದ್ದರು, ಆ ಪ್ರವಾಸದ ಬಗ್ಗೆ ಆಮೇಲೆ ಬರೆದೂ ಇದ್ದಾರೆ. ಲೇಖಕರ ಮನಸ್ಸಿನಲ್ಲಿ ಒಂದಕ್ಕಿಂತ ಹೆಚ್ಚು ನೆನಪುಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಆದರೆ ಕಥೆ ಪ್ರಶ್ನಿಸುವುದು ಯಾವುದೋ ಒಂದು ಧರ್ಮವನ್ನಲ್ಲ, ಧರ್ಮದ ಮಾತನ್ನು ಆಯುಧ ಮಾಡಿಕೊಂಡ ಪ್ರಭುತ್ವವನ್ನು. ಗಿಲಿಯಡ್ ಕ್ಯಾಥೊಲಿಕ್ ಪಾದ್ರಿಗಳನ್ನೂ ಬಿಡದೆ ಗಲ್ಲಿಗೇರಿಸುತ್ತದೆ.

ಈ ರೆಕ್ಕೆಯ ನಿಜವಾದ ಶಕ್ತಿ ಕ್ಯಾಮೆರಾದ ಮುಂದೆ ತಿಳಿಯುತ್ತದೆ. ಮೊದಲ ಮೂರು ಕಂತುಗಳನ್ನು ನಿರ್ದೇಶಿಸಿದ ರೀಡ್ ಮೊರಾನೊ ಸ್ವತಃ ಛಾಯಾಗ್ರಾಹಕಿ. ಅವರೊಂದಿಗೆ ಕ್ಯಾಮೆರಾ ಹಿಡಿದವರು ಕಾಲಿನ್ ವಾಟ್ಕಿನ್ಸನ್. ಸಾಮಾನ್ಯವಾಗಿ ಮುಖದ ಕ್ಲೋಸ್‌ಅಪ್ ತೆಗೆಯುವಾಗ ದೂರದಿಂದ ಉದ್ದನೆಯ ಲೆನ್ಸ್ ಬಳಸುತ್ತಾರೆ. ಇಲ್ಲಿ ಹಾಗಲ್ಲದೆ ಅಗಲ ಕೋನದ ಲೆನ್ಸ್ ಹಿಡಿದು ಜೂನ್ ಪಾತ್ರದ ಎಲಿಸಬೆತ್ ಮಾಸ್ ಅವರ ಮುಖದ ತೀರ ಹತ್ತಿರ ಹೋಗಿದ್ದಾರೆ. ಇದರಿಂದ ರೆಕ್ಕೆಯ ಒಳಗಿನ ಇಕ್ಕಟ್ಟಿನಲ್ಲಿ ನಾವೂ ಅವಳೊಂದಿಗೆ ಸಿಕ್ಕಿಕೊಂಡ ಅನುಭವವಾಗುತ್ತದೆ. ಅದಕ್ಕೆ ಎದುರಾಗಿ, ದಾಸಿಯರೆಲ್ಲ ಸೇರುವ ದೃಶ್ಯಗಳನ್ನು ನೆತ್ತಿಯ ಮೇಲಿನಿಂದ ತೆಗೆದಿದ್ದಾರೆ. ಅಲ್ಲಿ ಮುಖಗಳೇ ಇಲ್ಲ, ಕೆಂಪಿನ ಮೇಲೆ ಬಿಳಿಯ ವಿನ್ಯಾಸ ಮಾತ್ರ. ಮೊದಲನೆಯದು ಅವಳ ಕಣ್ಣು, ಎರಡನೆಯದು ಪ್ರಭುತ್ವದ ಕಣ್ಣು. ವೃತ್ತಿಯವಳಾಗಿ ಒಂದು ಮಾತು ಸೇರಿಸುತ್ತೇನೆ: ಮುಖದ ಪಕ್ಕದಲ್ಲಿ ಅಚ್ಚ ಬಿಳಿ ಬಟ್ಟೆ ಇಟ್ಟರೆ ಬೆಳಕಿನ ಲೆಕ್ಕ ತಪ್ಪಿ ಮುಖ ಮಂಕಾಗುತ್ತದೆ ಎಂದು ಛಾಯಾಗ್ರಾಹಕರು ಸದಾ ಎಚ್ಚರಿಸುತ್ತಾರೆ, ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಬಿಳುಪನ್ನು ತಗ್ಗಿಸುವುದು ನಮ್ಮಲ್ಲಿ ಹಳೆಯ ರೂಢಿ. ಅಂಥ ತೊಡಕಿನ ವಸ್ತುವನ್ನು ಮತ್ತೆಮತ್ತೆ ನಾಯಕಿಯ ತಲೆಗೆ ಕಟ್ಟಿ, ಬೆಳಕನ್ನು ಅದಕ್ಕೆ ಹೊಂದಿಸಿದ್ದಾರೆಂದರೆ ಅದು ಖಂಡಿತ ಆಕಸ್ಮಿಕವಲ್ಲ. ಮೊದಲ ಕಂತಿನ ನಿರ್ದೇಶನಕ್ಕೂ ಛಾಯಾಗ್ರಹಣಕ್ಕೂ 2017ರಲ್ಲಿ ಅಮೆರಿಕದ ಕಿರುತೆರೆಯ ಎಮ್ಮಿ ಪ್ರಶಸ್ತಿ ಬಂತು. ಅದೇ ವರ್ಷ ಅತ್ಯುತ್ತಮ ನಾಟಕ ಸರಣಿಯ ಎಮ್ಮಿಯನ್ನೂ ಇದು ಪಡೆಯಿತು. ಸ್ಟ್ರೀಮಿಂಗ್ ಸಂಸ್ಥೆಯೊಂದರ ಸರಣಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ಮಾಧ್ಯಮ ಬದಲಾದಾಗ ಸಂಕೇತವೂ ಜಾಗ ಬದಲಿಸುತ್ತದೆ ಎನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಕಾದಂಬರಿಯಲ್ಲಿ ದಾಸಿಯ ಕಾಲಿನ ಗಿಣ್ಣಿನ ಮೇಲೆ ನಾಲ್ಕು ಅಂಕಿಗಳೂ ಒಂದು ಕಣ್ಣೂ ಇರುವ ಹಚ್ಚೆ ಇದೆ. ಸರಣಿಯಲ್ಲಿ ಅದರ ಬದಲು ಕಿವಿಗೆ ದನಗಳಿಗೆ ಹಾಕುವಂಥ ಕೆಂಪು ಬಿಲ್ಲೆ. ನೆಲ ಮುಟ್ಟುವ ನಿಲುವಂಗಿಯ ಕೆಳಗಿನ ಹಚ್ಚೆಯನ್ನು ಕ್ಯಾಮೆರಾ ಕಾಣಲಾರದು; ಕಿವಿಯಾದರೆ ಪ್ರತಿಯೊಂದು ಕ್ಲೋಸ್‌ಅಪ್‌ನಲ್ಲೂ ಮುಖದ ಪಕ್ಕದಲ್ಲೇ ಇರುತ್ತದೆ. ಎರಡನೆಯ ಸೀಸನ್ ಆರಂಭದಲ್ಲಿ ಜೂನ್ ಆ ಬಿಲ್ಲೆಯನ್ನು ಕಿವಿಯ ಒಂದು ಚೂರಿನ ಸಮೇತ ಕತ್ತರಿಸಿಕೊಳ್ಳುವ ದೃಶ್ಯ ಅಷ್ಟು ತೀವ್ರವಾಗಿರುವುದು, ಹತ್ತು ಕಂತುಗಳ ಕಾಲ ಅದು ನಮ್ಮ ಕಣ್ಣ ಮುಂದೆಯೇ ಇದ್ದುದರಿಂದ. ಅಂಗಡಿಯ ಡಬ್ಬಿಗಳ ಮೇಲೆ ಅಕ್ಷರಗಳಿಲ್ಲದೆ ಚಿತ್ರಗಳಷ್ಟೇ ಇರುವುದೂ ಹೀಗೆಯೇ. ಹೆಂಗಸರಿಗೆ ಓದು ನಿಷಿದ್ಧ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನಿಮ್ಮ ವಿದ್ಯಾರ್ಥಿಯ ವಾದಕ್ಕೆ ದಿನಾಂಕಗಳೇ ಉತ್ತರ. ಸರಣಿಗೆ ಒಪ್ಪಿಗೆ ಸಿಕ್ಕಿದ್ದು 2016ರ ಏಪ್ರಿಲ್‌ನಲ್ಲಿ. ಕೆನಡಾದ ಟೊರಾಂಟೊದಲ್ಲಿ ಚಿತ್ರೀಕರಣ ಶುರುವಾದದ್ದು ಅದೇ ಸೆಪ್ಟೆಂಬರ್‌ನಲ್ಲಿ. ಅಮೆರಿಕದ ಚುನಾವಣೆ ನಡೆದದ್ದು ನವೆಂಬರ್ 8ರಂದು. ಪ್ರಸಾರವಾದದ್ದು 2017ರ ಏಪ್ರಿಲ್ 26ರಂದು. ಕಥೆಯ ಬೀಜವಂತೂ ಇನ್ನೂ ಹಿಂದಿನದು. ಆಟ್‌ವುಡ್ ಅದನ್ನು ಬರೆಯತೊಡಗಿದ್ದು 1984ರಲ್ಲಿ, ಗೋಡೆ ಇನ್ನೂ ನಿಂತಿದ್ದ ಪಶ್ಚಿಮ ಬರ್ಲಿನ್‌ನಲ್ಲಿ, ಬಾಡಿಗೆಗೆ ತಂದ ಜರ್ಮನ್ ಕೀಲಿಮಣೆಯ ಟೈಪ್‌ರೈಟರ್‌ನಲ್ಲಿ. ಆಗ ಅವರು ಪೂರ್ವ ಜರ್ಮನಿ, ಚೆಕೊಸ್ಲೊವಾಕಿಯಾಗಳಿಗೂ ಹೋಗಿಬಂದಿದ್ದರು. ಜನ ಮಾತು ನುಂಗಿಕೊಳ್ಳುವ ರೀತಿ, ಯಾರು ಯಾರ ಬೇಹುಗಾರರೋ ಎಂಬ ಅಳುಕು, ಇವೆಲ್ಲ ಅಲ್ಲಿಂದ ಕಥೆಯೊಳಗೆ ಬಂದವು. ದಾಸಿಯರು ಇಬ್ಬಿಬ್ಬರಾಗಿಯೇ ಪೇಟೆಗೆ ಹೋಗಬೇಕೆಂಬ ನಿಯಮದ ಹಿಂದಿರುವ ಅನುಮಾನ ಅದೇ. ಅಮೆರಿಕದ ರಾಜಕೀಯ ಬದಲಾದದ್ದರಿಂದ ನೋಡುಗರು ಸರಣಿಯನ್ನು ಓದಿದ ರೀತಿ ಬದಲಾಯಿತು ಎನ್ನುವುದು ಸರಿ. ಆ ಕೋಪದಿಂದ ಸರಣಿ ಹುಟ್ಟಿತು ಎನ್ನುವುದು ಸರಿಯಲ್ಲ.

ಬರೆಯುವಾಗ ಆಟ್‌ವುಡ್ ತಮಗೆ ತಾವೇ ಒಂದು ನಿಯಮ ಹಾಕಿಕೊಂಡಿದ್ದರು: ಚರಿತ್ರೆಯಲ್ಲಿ ಎಲ್ಲಿಯೂ ನಡೆಯದ ಯಾವುದನ್ನೂ ಪುಸ್ತಕದಲ್ಲಿ ತರಬಾರದು. ನಿಮ್ಮ ಮಾತುಕತೆಯ ಹೆಚ್ಚಿನ ಹೊತ್ತನ್ನು ಇದಕ್ಕೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಯಾವ ತೆರೆಮರೆಯ ಸಂಗತಿಗಿಂತಲೂ ಇದು ದೊಡ್ಡದು. ರೊಮೇನಿಯಾದಲ್ಲಿ ಚಾಷೆಸ್ಕು ಸರ್ಕಾರ 1966ರಲ್ಲಿ ಹೊರಡಿಸಿದ 770ನೆಯ ಆದೇಶ ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ಕೆಲಸದ ಜಾಗಗಳಲ್ಲಿ ಹೆಂಗಸರ ಗರ್ಭಪರೀಕ್ಷೆ ನಡೆಯುವಷ್ಟರ ಮಟ್ಟಿಗೆ ಪ್ರಭುತ್ವ ಅವರ ದೇಹದೊಳಗೆ ಬಂತು. ಅರ್ಜೆಂಟೀನಾದಲ್ಲಿ 1976ರಿಂದ 1983ರವರೆಗೆ ಆಳಿದ ಸೇನಾಡಳಿತ, ಬಂಧನದಲ್ಲಿದ್ದ ಗರ್ಭಿಣಿಯರು ಹೆತ್ತ ಮಕ್ಕಳನ್ನು ತನಗೆ ಬೇಕಾದ ಮನೆಗಳಿಗೆ ಹಂಚಿತು. ಆ ಮೊಮ್ಮಕ್ಕಳನ್ನು ಅಜ್ಜಿಯರು ಇಂದಿಗೂ ಹುಡುಕುತ್ತಿದ್ದಾರೆ. ದಕ್ಷಿಣ ಕ್ಯಾರೊಲಿನಾದ 1740ರ ಕಾನೂನು ಗುಲಾಮರಿಗೆ ಬರಹ ಕಲಿಸುವುದನ್ನು ಅಪರಾಧ ಮಾಡಿತ್ತು. ದಾಸಿಯ ಮೂಲಕ ಮಗು ಪಡೆಯುವ ‘ವಿಧಿ’ಗೆ ಗಿಲಿಯಡ್ ಕೊಡುವ ಆಧಾರ ಬೈಬಲ್‌ನ ಆದಿಕಾಂಡದಲ್ಲಿ ಬರುವ ಮಕ್ಕಳಿಲ್ಲದ ರಾಹೇಲ ತನ್ನ ದಾಸಿ ಬಿಲ್ಹಾಳ ಮೂಲಕ ಮಗು ಪಡೆದ ಕಥೆ. ಆ ಕಾಲದಲ್ಲಿ ಆಟ್‌ವುಡ್ ಕತ್ತರಿಸಿ ಇಟ್ಟುಕೊಂಡ ಪತ್ರಿಕಾ ತುಣುಕುಗಳು ಟೊರಾಂಟೊ ವಿಶ್ವವಿದ್ಯಾಲಯದ ಥಾಮಸ್ ಫಿಷರ್ ಗ್ರಂಥಾಲಯದಲ್ಲಿವೆ.

ಚಿಕ್ಕಪುಟ್ಟ ತೆರೆಮರೆಯ ಮಾತುಗಳಲ್ಲಿ ಕೆಲವು ನಿಜ. ಮೊದಲ ಕಂತಿನಲ್ಲಿ, ದಾಸಿಯರ ತರಬೇತಿ ಕೇಂದ್ರದಲ್ಲಿ, ಅವರಲ್ಲೊಬ್ಬಳಾದ ಜನೀನ್‌ಳನ್ನು ಎಲ್ಲರೂ ಬೆರಳು ತೋರಿಸಿ ನಿಂದಿಸುವಾಗ, ಸುಮ್ಮನಿದ್ದ ಜೂನ್‌ಳ ತಲೆಗೆ ಹೊಡೆಯುವ ಹಿರಿಯ ಹೆಂಗಸು ಸ್ವತಃ ಆಟ್‌ವುಡ್. ಅದು ನಟನೆಯೆಂದು ಗೊತ್ತಿದ್ದರೂ ಆ ದೃಶ್ಯ ತಮ್ಮನ್ನು ತುಂಬ ಕಲಕಿತು ಎಂದು ಅವರು ಬರೆದಿದ್ದಾರೆ. ಕಾದಂಬರಿಯ ಗಿಲಿಯಡ್ ಇರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ, ಹೆಣಗಳನ್ನು ತೂಗುಹಾಕುವ ಗೋಡೆ ಹಾರ್ವರ್ಡ್ ವಿಶ್ವವಿದ್ಯಾಲಯದ್ದು. ಸರಣಿಯಲ್ಲಿ ಆ ಗೋಡೆಯ ದೃಶ್ಯಗಳನ್ನು ತೆಗೆದದ್ದು ಕೆನಡಾದ ಒಂಟಾರಿಯೊದಲ್ಲಿರುವ, ಅದೇ ಹೆಸರಿನ ಇನ್ನೊಂದು ಊರಿನ ನದಿಯ ದಂಡೆಯಲ್ಲಿ. ನಾಯಕಿಯ ನಿಜನಾಮ ಜೂನ್ ಎಂಬುದು ಕಾದಂಬರಿಯಲ್ಲಿದ್ದ ಗುಪ್ತ ಸುಳಿವು ಎಂಬ ಮಾತನ್ನು ಮಾತ್ರ ನಂಬಬೇಡಿ. ಮೊದಲ ಅಧ್ಯಾಯದ ಕೊನೆಯಲ್ಲಿ ಹುಡುಗಿಯರು ಪಿಸುಗುಡುವ ಹೆಸರುಗಳಲ್ಲಿ ಅದೊಂದು ಮತ್ತೆಲ್ಲೂ ಬರುವುದಿಲ್ಲವಾದ್ದರಿಂದ ಅದೇ ನಾಯಕಿಯ ಹೆಸರೆಂದು ಓದುಗರು ಊಹಿಸಿದರು. ತಾವು ಹಾಗೆ ಯೋಚಿಸಿರಲಿಲ್ಲ, ಆದರೆ ಊಹೆ ಹೊಂದುತ್ತದೆ, ಬೇಕಿದ್ದವರು ಇಟ್ಟುಕೊಳ್ಳಲಿ ಎಂದರು ಲೇಖಕಿ. ಸರಣಿ ಅದನ್ನು ನಿಜವಾಗಿಸಿತು. ನೋಡುಗರು ಹಚ್ಚಿದ ಅರ್ಥವೆಲ್ಲ ಸುಳ್ಳಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಆದರೆ ಇದು ಲೇಖಕಿ ಹೇಳಿದ್ದು, ಇದು ಪರದೆಯ ಮೇಲೆ ಕಾಣುವುದು, ಇದು ನನ್ನ ಊಹೆ ಎಂದು ಮೂರನ್ನೂ ಬೇರೆಬೇರೆಯಾಗಿ ಹೇಳುವ ಶಿಸ್ತನ್ನು ವಿದ್ಯಾರ್ಥಿಗಳಿಗೆ ಕಲಿಸಿ.

ಈಗ ನಿಮ್ಮ ಎರಡನೆಯ ಆತಂಕಕ್ಕೆ ಬರುತ್ತೇನೆ. ಆ ಉಡುಪು ಈಗ ಸರಣಿಯ ಆಸ್ತಿಯಾಗಿ ಮಾತ್ರ ಉಳಿದಿಲ್ಲ. ಸರಣಿ ಪ್ರಸಾರವಾಗುವ ಮೊದಲೇ, 2017ರ ಮಾರ್ಚ್‌ನಲ್ಲಿ, ಟೆಕ್ಸಸ್ ರಾಜ್ಯದ ಸೆನೆಟ್‌ನಲ್ಲಿ ಗರ್ಭಪಾತದ ಮಸೂದೆಗಳನ್ನು ವಿರೋಧಿಸಿ ಹೆಂಗಸರು ಈ ಉಡುಪಿನಲ್ಲಿ ಮೌನವಾಗಿ ಕುಳಿತರು. ಆಮೇಲೆ ಅರ್ಜೆಂಟೀನಾ, ಪೋಲೆಂಡ್‌ಗಳಲ್ಲೂ, 2023ರಲ್ಲಿ ಇಸ್ರೇಲಿನ ನ್ಯಾಯಾಂಗ ತಿದ್ದುಪಡಿ ವಿರೋಧಿ ಚಳವಳಿಯಲ್ಲೂ ಅದು ಕಾಣಿಸಿಕೊಂಡಿತು. ಪ್ರತಿಭಟನೆಗೆ ಅದು ಒದಗುವುದು ಸಹಜ; ಒಂದು ಮಾತೂ ಆಡದೆ, ಯಾವ ನಿಯಮವನ್ನೂ ಮುರಿಯದೆ ತಮ್ಮ ಮಾತು ಮುಟ್ಟಿಸಬಹುದು. ಇದೇ ಕಾರಣಕ್ಕೆ ಒಂದು ತೊಂದರೆಯೂ ಇದೆ. ನಿಮ್ಮ ಹುಡುಗಿಯರು ಅದನ್ನು ತೊಟ್ಟು ಬಂದ ಕ್ಷಣ, ಸರಣಿ ಗೊತ್ತಿರುವ ನೋಡುಗರು ಪಾತ್ರವನ್ನು ನೋಡದೆ ಲಾಂಛನವನ್ನು ನೋಡುತ್ತಾರೆ. ಗೊತ್ತಿಲ್ಲದವರಿಗೆ ಅದು ಕ್ರಿಸ್‌ಮಸ್ ವೇಷದಂತೆ ಕಂಡೀತು. ಜೊತೆಗೆ ಗಂಭೀರವಾದ ಒಂದು ವಿಮರ್ಶೆಯೂ ಇದೆ: ಮಗುವನ್ನು ಕಿತ್ತುಕೊಳ್ಳುವುದು, ಹೆಸರು ಅಳಿಸುವುದು, ಓದು ನಿಷೇಧಿಸುವುದು, ಇವೆಲ್ಲ ಅಮೆರಿಕದ ಕಪ್ಪು ಹೆಂಗಸರ ಮೇಲೆ ನಡೆದುಹೋದ ಸಂಗತಿಗಳು, ಆ ನೋವನ್ನು ಬಿಳಿಯ ನಾಯಕಿಗೆ ಕೊಟ್ಟು, ಜನಾಂಗದ ಪ್ರಶ್ನೆಯನ್ನು ಮಾತ್ರ ಸರಣಿ ಬದಿಗೆ ಸರಿಸಿತು ಎಂದು ಹಲವರು ಬರೆದಿದ್ದಾರೆ. ನಾನು ಆ ವಿಮರ್ಶೆಯನ್ನು ಒಪ್ಪುತ್ತೇನೆ.

ನಮ್ಮ ರಂಗದ ಮೇಲೆ ಕೆಂಪಿಗೆ ಬೇರೆಯದೇ ನೆನಪುಗಳಿವೆ. ಕುಂಕುಮ, ಮದುವೆ, ದೇವಿಯ ಸೀರೆ ಎಲ್ಲ ಸರಿ. ಆದರೆ ಕರ್ನಾಟಕದ ಬ್ರಾಹ್ಮಣ ಮನೆಗಳಲ್ಲಿ ಬಾಲ್ಯದಲ್ಲೇ ಗಂಡ ಸತ್ತ ಹುಡುಗಿಯ ತಲೆ ಬೋಳಿಸಿ, ರವಿಕೆಯಿಲ್ಲದೆ ಕೆಂಪು ಸೀರೆ ಉಡಿಸಿ, ಸೆರಗನ್ನು ತಲೆಯ ಮೇಲೆ ಹೊದಿಸಿ ಅಡುಗೆಮನೆಯ ಮೂಲೆಗೆ ಕಳಿಸುತ್ತಿದ್ದ ಕಾಲ ತೀರ ದೂರದ್ದೇನಲ್ಲ. ಒಂದೇ ಬಣ್ಣ ಮದುವೆಯಲ್ಲಿ ಮಂಗಳ, ಆಕೆಯ ಮೈಮೇಲೆ ಮಾತ್ರ ಶಿಕ್ಷೆ. ಬಣ್ಣವಲ್ಲ, ಕಟ್ಟಳೆಯೇ ಅರ್ಥ ಕೊಡುತ್ತದೆ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ. ನಿಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಮನೆಯ ಹಿರಿಯರಿಂದ ಅಂಥ ಒಬ್ಬ ಮುತ್ತಜ್ಜಿಯ ಕಥೆ ಸಿಕ್ಕೀತು.

ಹಾಗಾದರೆ ಏನು ಮಾಡಬಹುದು? ಸರಣಿಯ ಉಡುಪನ್ನೇ ಹೊಲಿಸುವುದು ಒಂದು ದಾರಿ. ಅದರಲ್ಲಿ ಲಾಂಛನದ ಅಪಾಯವಲ್ಲದೆ ಹಕ್ಕುಸ್ವಾಮ್ಯದ ಪ್ರಶ್ನೆಯೂ ಬರುತ್ತದೆ. ಶಿಕ್ಷಣ ಸಂಸ್ಥೆಯ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು, ತಮ್ಮವರೂ ಪೋಷಕರೂ ಮಾತ್ರ ಇರುವ ಸಭೆಯಲ್ಲಿ ಆಡಿದರೆ ಭಾರತದ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಊರವರನ್ನೆಲ್ಲ ಕರೆದ ವಾರ್ಷಿಕೋತ್ಸವಕ್ಕೆ, ಅದರಲ್ಲೂ ಕನ್ನಡಕ್ಕೆ ರೂಪಾಂತರಿಸಿದ ಪಠ್ಯಕ್ಕೆ, ಆ ವಿನಾಯಿತಿಯನ್ನು ನಂಬಿ ಕೂರಬೇಡಿ, ಅನುಮತಿ ಕೇಳಿ. ಎರಡನೆಯ ದಾರಿ, ಕಥೆಯ ಕಟ್ಟಳೆಯನ್ನಷ್ಟೇ ತೆಗೆದುಕೊಂಡು ನಿಮ್ಮದೇ ಸನ್ನಿವೇಶ ಬರೆದು, ನಿಮ್ಮದೇ ಬಟ್ಟೆ ಆರಿಸುವುದು. ಕೆಂಪು ಸೀರೆಯ ಚರಿತ್ರೆಯನ್ನು ತಂದರೆ ಅದು ಬಹಳ ಆಳಕ್ಕೆ ಇಳಿಯುತ್ತದೆ. ಆದರೆ ಜೀವಂತ ಕುಟುಂಬಗಳ ನೋವನ್ನು ಮುಟ್ಟುವುದರಿಂದ, ಒಂದು ಸಮುದಾಯವನ್ನು ಹಳಿಯುವ ನಾಟಕವೆಂಬ ದೂರು ಬರಬಹುದು. ಆ ಮನೆಗಳ ಹಿರಿಯ ಹೆಂಗಸರನ್ನು ಮೊದಲೇ ಮಾತಾಡಿಸಿ, ಅವರು ಹೇಳಿದ್ದನ್ನು ಪಠ್ಯಕ್ಕೆ ಸೇರಿಸಿಕೊಂಡರೆ ದೂರಿನ ಬಲ ಕುಗ್ಗುತ್ತದೆ, ನಾಟಕದ ಬಲ ಹೆಚ್ಚುತ್ತದೆ. ಮೂರನೆಯದು, ರಂಗವೇ ಬೇಡವೆಂದು ತರಗತಿಯಲ್ಲಿ ದೃಶ್ಯಗಳನ್ನು ತೋರಿಸಿ ಮಾತಾಡುವುದು. ಅದರಲ್ಲಿ ಅಪಾಯ ಕಡಿಮೆ, ಆದರೆ ಉಡುಪು ಮೈಗೆ ಏನು ಮಾಡುತ್ತದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ನನ್ನನ್ನು ಕೇಳಿದರೆ, ಮಾತುಕತೆಯನ್ನು ಮೊದಲು ಮುಗಿಸಿ, ಆಮೇಲೆ ಎರಡನೆಯ ದಾರಿ ಹಿಡಿಯಿರಿ ಎನ್ನುತ್ತೇನೆ. ಯಾವ ದಾರಿಯಾದರೂ ‘ವಿಧಿ’ಯ ದೃಶ್ಯವನ್ನು ವಿದ್ಯಾರ್ಥಿಗಳಿಂದ ಆಡಿಸಬೇಡಿ, ಪೇಟೆಗೆ ಹೋಗುವ ಇಬ್ಬರು ಒಬ್ಬರನ್ನೊಬ್ಬರು ನಂಬಲಾಗದೆ ನಡೆಯುವ ಸನ್ನಿವೇಶ ಸಾಕು, ಅದರಲ್ಲಿ ಎಲ್ಲವೂ ಇದೆ.

ಬಟ್ಟೆಯ ವಿಷಯದಲ್ಲಿ ಕೊನೆಯದಾಗಿ ಇಷ್ಟು. ಹೊಳೆಯುವ ಸ್ಯಾಟಿನ್ ಬೇಡ, ಭಾರವಿರುವ ಹತ್ತಿ ಅಥವಾ ಖಾದಿ ಕೊಳ್ಳಿ. ಬಟ್ಟೆಯ ಭಾರವೇ ನಡಿಗೆಯನ್ನು ನಿಧಾನ ಮಾಡುತ್ತದೆ. ನೀಲಿ ಅಥವಾ ಹಸಿರು ದೀಪದ ಕೆಳಗೆ ಕೆಂಪು ಕಪ್ಪಾಗಿ ಕಾಣುವುದರಿಂದ, ದೀಪದವರ ಮುಂದೆ ಒಂದು ಗಜ ಬಟ್ಟೆ ಹಿಡಿದು ನೋಡದೆ ಹೊಲಿಸಬೇಡಿ. ತಲೆಗೆ ಏನಾದರೂ ಕಟ್ಟುವುದಾದರೆ ಅಕ್ಕಪಕ್ಕದ ನೋಟ ಪೂರ್ತಿ ಹೋಗುತ್ತದೆ. ಮೊದಲ ತಾಲೀಮುಗಳನ್ನು ಸಮತಟ್ಟು ನೆಲದಲ್ಲಿ ಮಾಡಿಸಿ, ಮೆಟ್ಟಿಲು ಇಳಿಯುವಾಗ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ, ಉಸಿರು ಕಟ್ಟಿದಂತಾಗುತ್ತದೆ ಎಂದು ಯಾವ ಹುಡುಗಿ ಹೇಳಿದರೂ ಕಾರಣ ಕೇಳದೆ ಅವಳ ತಲೆಯಿಂದ ಅದನ್ನು ಬಿಚ್ಚಿಬಿಡಿ.